ಆರೋಗ್ಯಮಾಹಿತಿಯ ಏಕೀಕರಣ: ಒಂದು ವಿಮರ್ಶೆ

ಸಾರ್ವಜನಿಕ ಆರೋಗ್ಯದ ಕಾರ್ಯಕ್ರಮಗಳು ಒಂದೊಂದೂ ತನ್ನದೇ ಆದ ನಮೂನೆಯನ್ನೂ ಲೆಕ್ಕವನ್ನೂ ಇಟ್ಟುಕೊಂಡು ಬೆಳೆದುಬಂದಿವೆ. ಕ್ಷಯ, ಮಲೇರಿಯ, ಲಸಿಕೆ, ತಾಯಿಮಕ್ಕಳ ಆರೈಕೆ ಇವೆಲ್ಲದರ ಅಂಕಿಗಳು ಒಂದೇ ತಂತ್ರಾಂಶದಲ್ಲಿ ಕೂಡಬೇಕೆಂಬ ವಾದವನ್ನು ಮಂಡಿಸಿದ ಗ್ರಂಥಗಳಲ್ಲಿ ಆಸ್ಲೊ ವಿಶ್ವವಿದ್ಯಾನಿಲಯದ ಯೋರ್ನ್ ಬ್ರಾ ಮತ್ತು ಸುಂದೀಪ್ ಸಹಾಯ್ ಅವರು 2012ರಲ್ಲಿ ಪ್ರಕಟಿಸಿದ ‘ಇಂಟಿಗ್ರೇಟೆಡ್ ಹೆಲ್ತ್ ಇನ್‌ಫರ್ಮೇಷನ್ ಆರ್ಕಿಟೆಕ್ಚರ್’ ಮುಖ್ಯವಾದುದು. ಬಳಸುವವರ ಕೈಗೆ ಅಧಿಕಾರ ಬರಬೇಕೆಂಬ ಆಶಯವನ್ನು ಅದರ ಉಪಶೀರ್ಷಿಕೆಯೇ ಸಾರುತ್ತದೆ. ಈ ಆಶಯ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಇಲ್ಲಿ ಪರಿಶೀಲಿಸಬಹುದು.

ವಿಚಾರದ ಮೂಲ ದಕ್ಷಿಣ ಆಫ್ರಿಕದಲ್ಲಿದೆ. ವರ್ಣಭೇದನೀತಿಯ ಕೊನೆಗಾಲದಲ್ಲಿ ಆ ದೇಶದಲ್ಲಿ 14 ಆರೋಗ್ಯ ಇಲಾಖೆಗಳಿದ್ದವು; ಜನಗಳನ್ನು ಬೇರ್ಪಡಿಸಿದಂತೆಯೇ ಅವರ ಜನನ, ಮರಣ, ರೋಗಗಳ ಲೆಕ್ಕವನ್ನೂ ಬೇರ್ಪಡಿಸಲಾಗಿತ್ತು. 1994ರ ಚುನಾವಣೆಯ ತರುವಾಯ ಕೇಪ್ ಟೌನ್ ಪ್ರದೇಶದಲ್ಲಿ ಮೊದಲಾದ ಪ್ರಯತ್ನದಿಂದ ಜಿಲ್ಲಾ ಆರೋಗ್ಯ ಮಾಹಿತಿ ತಂತ್ರಾಂಶ ಹುಟ್ಟಿತು. ಅದರ ಎರಡನೆಯ ರೂಪವಾದ ಡಿಎಚ್‌ಐಎಸ್ 2 ಮೊದಲು ಬಳಕೆಗೆ ಬಂದುದು 2006ರಲ್ಲಿ, ನಮ್ಮ ನೆರೆಯ ಕೇರಳದಲ್ಲಿ. ಇದರ ಹಿಂದಿರುವ ಸೂತ್ರ ಸರಳವಾದುದು: ಎಲ್ಲರೂ ಕೊಡತಕ್ಕ ಅಂಶಗಳ ಪಟ್ಟಿ ಕಿರಿದಾಗಿರಬೇಕು, ಅದನ್ನು ಪೂರೈಸಿದ ಮೇಲೆ ಪ್ರಾಂತವಾಗಲಿ ಜಿಲ್ಲೆಯಾಗಲಿ ತನಗೆ ಬೇಕಾದುದನ್ನು ಸೇರಿಸಿಕೊಳ್ಳಲು ಸ್ವತಂತ್ರ. ಯಂತ್ರದ ಚಮತ್ಕಾರಕ್ಕಿಂತ ಈ ಸೂತ್ರವೇ ಹೆಚ್ಚಿನದೆಂದು ನನ್ನ ಅಭಿಪ್ರಾಯ.

ಆದರೆ ತೊಡಕಿರುವುದು ಅಂಕಿಗಳ ಅರ್ಥದಲ್ಲಿ. ಲಸಿಕೆಯ ಲೆಕ್ಕ ತಿಂಗಳಿಗೊಮ್ಮೆ ಬರುತ್ತದೆ. ಈ ತಿಂಗಳ ಅಂಕಿ ಈ ತಿಂಗಳ ಕೆಲಸವನ್ನೇ ಹೇಳುತ್ತದೆ. ಕ್ಷಯದ ತ್ರೈಮಾಸಿಕ ವರದಿಯಲ್ಲಿ ಬರುವ ಗುಣಮುಖರ ಸಂಖ್ಯೆಯಾದರೋ ಸುಮಾರು ಒಂದು ವರ್ಷದ ಹಿಂದೆ ದಾಖಲಾದ ರೋಗಿಗಳದು. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಈ ತ್ರೈಮಾಸಿಕದಲ್ಲಿ ದಾಖಲಾದವರಿಂದ ಗುಣಮುಖರ ಸಂಖ್ಯೆಯನ್ನು ಭಾಗಿಸುವ ಅಧಿಕಾರಿ ತಪ್ಪು ಉತ್ತರವನ್ನೇ ಪಡೆಯುತ್ತಾನೆ. ತಂತ್ರಾಂಶ ಅವನನ್ನು ತಾನಾಗಿ ತಡೆಯುವುದಿಲ್ಲ. ಹಾಗೆಯೇ ಗರ್ಭಿಣಿಯರ ಸಂಖ್ಯೆ. ಒಂದೇ ಆಸ್ಪತ್ರೆಯಿಂದ ತಾಯಂದಿರ ಆರೈಕೆಯ ನಮೂನೆಯಲ್ಲಿ ಒಂದು, ಎಚ್‌ಐವಿ ತಡೆಯ ನಮೂನೆಯಲ್ಲಿ ಇನ್ನೊಂದು ಸಂಖ್ಯೆ ಬರಬಹುದು. ಯಾವುದನ್ನು ಅಳಿಸಬೇಕು? ಗ್ರಂಥಸಂಪಾದನೆ ಮಾಡಿದವರಿಗೆ ಈ ಸಂಕಟ ಹೊಸದಲ್ಲ. ಓಲೆಗಳಲ್ಲಿ ಪಾಠಾಂತರ ಕಂಡಾಗ ಒಂದನ್ನು ಸ್ವೀಕರಿಸಿ ಮಿಕ್ಕವನ್ನು ಅಡಿಯಲ್ಲಿ ಉಳಿಸುತ್ತಾರಲ್ಲದೆ ಸುಟ್ಟುಬಿಡುವುದಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ಸಿಯೆರಾ ಲಿಯೋನಿನಲ್ಲಿ ಕೈಕೊಂಡ ಕ್ರಮವೂ ಇದಕ್ಕೆ ದೂರವಾದುದಲ್ಲ. ಅಲ್ಲಿ ಬಳಕೆಯಲ್ಲಿದ್ದ ನಮೂನೆಗಳನ್ನು ಮೊದಲು ಇದ್ದಂತೆಯೇ ಒಂದೆಡೆ ತಂದು, ಒಂದೇ ಪ್ರಶ್ನೆ ಎಷ್ಟು ಕಡೆ ಕೇಳಲ್ಪಟ್ಟಿದೆಯೆಂದು ತೋರಿಸಿ, ಆಮೇಲೆ ಕಾರ್ಯಕ್ರಮಗಳವರನ್ನು ಒಪ್ಪಿಸಲಾಯಿತು.

ಇನ್ನು ‘ಬಳಸುವವರು’ ಯಾರು? ಜಿಲ್ಲಾಧಿಕಾರಿಗಳ ಕೈಗೆ ನಕ್ಷೆ ಬಂದರೆ ಸಾಲದು. ಉಪಕೇಂದ್ರದ ದಾದಿ ರಿಜಿಸ್ಟರಿನಲ್ಲಿ ಬರೆದುದನ್ನೇ ಮತ್ತೆ ನಮೂನೆಗೆ ಇಳಿಸುತ್ತಾಳೆ. ಹಳೆಯ ನಮೂನೆಗಳನ್ನು ಹಿಂತೆಗೆದುಕೊಳ್ಳದೆ ಹೊಸ ತಂತ್ರಾಂಶವನ್ನು ತಂದರೆ ಅವಳ ಪಾಲಿಗೆ ಅದು ಮತ್ತೊಂದು ನಮೂನೆಯೇ ಸರಿ. ಆದುದರಿಂದ ಏಕೀಕರಣವನ್ನು ಅಳೆಯುವಾಗ ಎಷ್ಟು ದತ್ತಾಂಶ ಸೇರಿತೆಂದು ಕೇಳುವುದಕ್ಕೆ ಮುಂಚೆ ಎಷ್ಟು ನಮೂನೆಗಳು ರದ್ದಾದವೆಂದು ಕೇಳಬೇಕು. ನಮೂನೆಯನ್ನು ಬಿಟ್ಟುಕೊಡುವ ಕಾರ್ಯಕ್ರಮಾಧಿಕಾರಿಯಾದರೋ ತನ್ನ ಹಿಡಿತವನ್ನೂ ಬಿಟ್ಟುಕೊಡಬೇಕಾಗುತ್ತದೆ. ಹಣ ಕೊಟ್ಟವರಿಗೆ ಉತ್ತರ ಹೇಳಬೇಕಾದವನು ಅವನೇ.

ಪ್ರತ್ಯೇಕತೆಯೆಲ್ಲ ಹಟವೆಂದು ತಿಳಿಯುವುದೂ ತಪ್ಪಾದೀತು. ಭಾರತದಲ್ಲಿ 2008ರಲ್ಲಿ ಸಾಮಾನ್ಯ ಆರೋಗ್ಯ ಮಾಹಿತಿಯ ಜಾಲತಾಣ ಆರಂಭವಾಗಿದ್ದರೂ 2012ರಲ್ಲಿ ಕ್ಷಯಕ್ಕೆ ಬೇರೆಯಾಗಿ ‘ನಿಕ್ಷಯ್’ ಬಂದಿತು. ಅದಕ್ಕೆ ಕಾರಣವಿದೆ. ಕೂಲಿಗಾಗಿ ರಾಯಚೂರಿನಿಂದ ಬೆಂಗಳೂರಿಗೆ ಹೋದ ರೋಗಿಯ ಔಷಧ ತಪ್ಪದಂತೆ ನೋಡಲು ಅವನ ಹೆಸರು ಬೇಕು; ತಿಂಗಳ ಮೊತ್ತದಲ್ಲಿ ಅವನು ಸಿಕ್ಕುವುದಿಲ್ಲ. ಡಿಎಚ್‌ಐಎಸ್ 2 ಕೂಡ ಮುಂದೆ ವ್ಯಕ್ತಿಗತ ದಾಖಲೆಯ ಭಾಗವನ್ನು ಸೇರಿಸಿಕೊಂಡಿತು. ಇಂಥಲ್ಲಿ ಎರಡು ತಂತ್ರಾಂಶಗಳು ಉಳಿದರೂ ನಷ್ಟವಿಲ್ಲ. ಆದರೆ ಎರಡರಲ್ಲಿಯೂ ಒಂದೇ ಆಸ್ಪತ್ರೆಗೆ ಒಂದೇ ಹೆಸರು, ಒಂದೇ ಸಂಕೇತಸಂಖ್ಯೆ ಇರಲೇಬೇಕು.