‘ವಾಸ್ತುಶಿಲ್ಪ’ ಸಂಸ್ಥೆಯ ಬೆಂಗಳೂರು ಕೃತಿ: ಒಂದು ವಿಮರ್ಶೆ

ಬಾಲಕೃಷ್ಣ ದೋಶಿಯವರು (1927–2023) ಪ್ಯಾರಿಸ್ಸಿನಲ್ಲಿ ಲ ಕಾರ್ಬೂಸಿಯೇರರ ಬಳಿ ಕೆಲಸಮಾಡಿ, ಸ್ವದೇಶಕ್ಕೆ ಮರಳಿದ ತರುವಾಯ ಅಹಮದಾಬಾದಿನಲ್ಲಿ ‘ವಾಸ್ತುಶಿಲ್ಪ’ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ 1970ರ ದಶಕದಲ್ಲಿ ಜೋಸೆಫ್ ಸ್ಟೈನ್ ಮತ್ತು ಜೈ ರತ್ತನ್ ಭಲ್ಲಾ ಅವರೊಡನೆ ಪಾಲುಗಾರರಾಗಿ ಕೈಗೊಂಡ ಬೆಂಗಳೂರಿನ ಐ.ಐ.ಎಂ. ಕಟ್ಟಡಸಮೂಹವೇ ಕನ್ನಡನಾಡಿಗೆ ಅವರಿಂದ ಸಂದ ಮುಖ್ಯ ಕೊಡುಗೆ. 2018ರಲ್ಲಿ ದೋಶಿಯವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ಬಂದಾಗಲೂ ಈ ಕೃತಿಯ ಹೆಸರು ಕೇಳಿಬಂದಿತು.

ಇದು ಫತೇಪುರ ಸಿಕ್ರಿಯ ಮತ್ತು ದೇವಾಲಯನಗರಗಳ ಪರಂಪರೆಯದೆಂಬ ಮಾತು ರೂಢಿಯಾಗಿದೆ. ಹಂಪೆಯ ನೆರೆಯವರಾದ ನಾವು ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ಕಂಬವೂ ಕಲ್ಲು, ತೊಲೆಯೂ ಕಲ್ಲು, ಮೇಲಣ ಚಪ್ಪಡಿಯೂ ಕಲ್ಲು. ಕಲ್ಲಿನ ತೊಲೆ ಬಹುದೂರ ಚಾಚಲಾರದು. ಆದುದರಿಂದಲೇ ಕಂಬಗಳು ಒತ್ತೊತ್ತಾಗಿ ನಿಂತಿವೆ. ಬೆಂಗಳೂರಿನಲ್ಲಾದರೋ ಗೋಡೆಗೆ ಒರಟು ಕಲ್ಲನ್ನು ಬಳಸಿದ್ದರೂ ಚಾಚುವ ಭಾರ ಕಾಂಕ್ರೀಟಿನದು. ರಚನೆಯ ದೃಷ್ಟಿಯಿಂದ ಇದು ಪರಂಪರೆಯ ಮುಂದುವರಿಕೆಯಲ್ಲ. ಹಾಗೆಂದು ಕರೆಯುವುದು ಇತಿಹಾಸಕ್ಕೆ ಅಪಚಾರ.

ಆದರೆ ವಿನ್ಯಾಸದ ಮಾತು ಬೇರೆ. ಅಲ್ಲಿಯ ಉದ್ದನೆಯ ಪಡಸಾಲೆಗಳು ಕೆಲವೆಡೆ ಮುಚ್ಚಿ, ಕೆಲವೆಡೆ ಆಕಾಶಕ್ಕೆ ತೆರೆದುಕೊಂಡಿವೆ. ತೊಲೆಗಳ ನಡುವಿನಿಂದ ಇಳಿವ ಬಿಸಿಲು ಹೊತ್ತಿಗೊಂದು ಬಗೆಯಾಗಿ ನೆರಳನ್ನು ಹಾಸುತ್ತದೆ. ಪಾಠದ ಕೋಣೆಯ ಹೊರಗೂ ಗುರುಶಿಷ್ಯರು ನಿಂತು ಮಾತನಾಡಲು ಎಡೆಯುಂಟು. ನಡೆಯುವ ದಾರಿಯೇ ಕೂಡುವ ತಾಣವಾಗುವ ಈ ಗುಣ ನಮ್ಮ ಹಳೆಯ ಬೀದಿಗಳದು. ಸಂಸ್ಥೆಯ ನಿಜವಾದ ಋಣ ಇಲ್ಲಿದೆ. ಅದನ್ನು ಅದು ಸಾರ್ಥಕವಾಗಿ ತೀರಿಸಿದೆ ಎಂಬುದು ನಮ್ಮ ಮತ.

ಪರಂಪರೆಯು ಕಲ್ಲಿನಲ್ಲಿಲ್ಲ, ಬಳಕೆಯಲ್ಲಿದೆ ಎಂಬುದಕ್ಕೆ ವಿಪರೀತ ನಿದರ್ಶನವೂ ಹಂಪೆಯಲ್ಲಿಯೇ ದೊರೆಯುತ್ತದೆ. 2011ರಲ್ಲಿ ವಿರೂಪಾಕ್ಷ ಬೀದಿಯ ನಿವಾಸಿಗಳನ್ನು ಒಕ್ಕಲೆಬ್ಬಿಸಲಾಯಿತು. ಸ್ಮಾರಕರಕ್ಷಣೆಗೆ ಕಾರಣವಿದ್ದಿರಬಹುದು, ಆದರೆ ಮಂಟಪಗಳು ಉಳಿದುವು, ಬೀದಿಯ ಬಾಳು ಉಳಿಯಲಿಲ್ಲ. ಕಾಂಕ್ರೀಟಿನ ತೊಲೆಯಡಿ ಜೀವಂತವಾಗಿರುವ ಗುಣ ಕಲ್ಲಿನ ತೊಲೆಯಡಿ ಬರಿದಾದುದನ್ನು ವಿಮರ್ಶಕರು ಗಮನಿಸಬೇಕು.

ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ನಾರಾಯಣದೇವರಕೆರೆಯ ಜನರಿಗೆ ನೆಲೆಯಿತ್ತ ಊರು ಮರಿಯಮ್ಮನಹಳ್ಳಿ. ಅಲ್ಲಿ ಜಗಲಿ, ಪಡಸಾಲೆ, ಗುಡಿಯಂಗಳಗಳು ಹೊಸದಾಗಿ ಹೇಗೆ ಕೂಡಿಕೊಂಡುವು? ಪ್ರಶಸ್ತಿ ಪಡೆದ ಕಟ್ಟಡಗಳನ್ನು ಅಳೆಯುವವರು ಬಹುಮಂದಿ. ಹಳೆಯ ಮನೆಗಳು ಕೆಡಹಲ್ಪಡುವ ಮುನ್ನ ಇಂತಹ ಬೀದಿಗಳನ್ನು ಅಳೆದು ದಾಖಲಿಸುವ ಕಾರ್ಯವನ್ನು ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೆತ್ತಿಕೊಳ್ಳತಕ್ಕದ್ದು.