ಅದು ಮೀನಿನ ನಾತವಲ್ಲ

ಬೆಕ್ಕಿನ ಬಾಯಿ ನಾರಿದರೆ ನಮ್ಮ ಕರಾವಳಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೈತಖೋಲ ಬಂದರಿನಿಂದ ಕಿನ್ನರ, ಕಡವಾಡದ ಹಿತ್ತಿಲುಗಳವರೆಗೆ, ಅತ್ತ ಬೇಲೆಕೇರಿ, ಅಂಕೋಲೆಯವರೆಗೆ ಬೆಕ್ಕೆಂದರೆ ತಾರ್ಲೆ, ಬಂಗಡೆಯ ತಲೆ ತಿಂದು ಬೆಳೆದದ್ದು. ನಾರದೆ ಇನ್ನೇನು ಎನ್ನುತ್ತೇವೆ. ಆದರೆ ತಿಂದ ಮೀನಿನ ವಾಸನೆ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ದಿನವಿಡೀ ನಾರುತ್ತಿದ್ದರೆ ವಸಡಿನ ರೋಗವನ್ನೇ ಮೊದಲು ಶಂಕಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಹಸಿಮೀನು ಅಪರೂಪವಾಗಿ ಬೆಕ್ಕಿಗೂ ಮೊಸರನ್ನವೇ ಗತಿಯಾಗುವ ಆ ದಿನಗಳಲ್ಲಿ ಅದರ ಬಾಯಿ ಮೂಸಿ ನೋಡಿ. ಆಗಲೂ ನಾರಿದರೆ ತುಟಿ ಎತ್ತಿ ನೋಡಲೇಬೇಕು.

ಬೆಳೆದ ಬೆಕ್ಕಿಗೆ 30 ಹಲ್ಲು, ಮೇಲೆ 16, ಕೆಳಗೆ 14. ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿ ಮೊದಲು ನೋಡಿ. ಜೊಲ್ಲಿನ ನಾಳ ಅಲ್ಲೇ ತೆರೆದುಕೊಳ್ಳುವುದರಿಂದ ಪಾಚಿ ಅಲ್ಲಿ ಬೇಗ ಕಲ್ಲಾಗುತ್ತದೆ. ಕಂದು ಹೊರೆ, ಅದರ ಅಂಚಿಗೆ ವಸಡಿನ ಕೆಂಪು ಗೆರೆ ಕಂಡರೆ ರೋಗ ಶುರುವಾಗಿದೆ. ಮೂರು ವರ್ಷ ದಾಟಿದ ಬಹಳಷ್ಟು ಬೆಕ್ಕುಗಳಲ್ಲಿ ಇದು ಇದ್ದದ್ದೇ. ವಸಡು ಬರೇ ಕೆಂಪಾಗಿದ್ದರೆ ಶುಚಿ ಮಾಡಿಸಿದ ಮೇಲೆ ಸರಿಹೋಗುತ್ತದೆ. ಹಲ್ಲು ಹಿಡಿದ ಎಲುಬು ಕರಗಿತೋ, ಅದು ಮರಳಿ ಬರುವುದಿಲ್ಲ. ಮೀನಿನ ಮುಳ್ಳು ಹಲ್ಲು ತಿಕ್ಕುತ್ತದೆಂದು ನಂಬಬೇಡಿ. ಬೆಕ್ಕಿನ ದವಡೆ ಹಲ್ಲುಗಳು ಕತ್ತರಿಯಂತೆ ಕತ್ತರಿಸಿ ನುಂಗಲು ಇರುವವು, ಅರೆಯಲು ಅಲ್ಲ.

ಬೆಕ್ಕನ್ನು ಗೋಣಿಯಲ್ಲಿ ಸುತ್ತಿ ಹಿಡಿದು ಉಗುರಿನಲ್ಲಿ ಆ ಹೊರೆ ಕೆತ್ತಿ ತೆಗೆಯುವವರಿದ್ದಾರೆ. ಹಲ್ಲು ಬೆಳ್ಳಗೆ ಕಾಣುತ್ತದೆ, ರೋಗ ವಸಡಿನ ಕೆಳಗೆ ಹಾಗೆಯೇ ಉಳಿಯುತ್ತದೆ. ಎಚ್ಚರವಿರುವ ಬೆಕ್ಕು ವಸಡಿನ ಕೆಳಗೆ ಕೈಯಾಡಿಸಲು ಬಿಡುವುದೇ ಇಲ್ಲ. ಆದ್ದರಿಂದ ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದ್ದನ್ನು ಮಾತ್ರ ನಾನು ಶುಚಿ ಎಂದು ಒಪ್ಪುತ್ತೇನೆ.

ಒಳ್ಳೆಯ ಕೆಲಸ ನೋಡಲು ಚೆಂದ. ಮೊದಲು ರಕ್ತಪರೀಕ್ಷೆ, ಮುಖ್ಯವಾಗಿ ಮೂತ್ರಪಿಂಡದ ಸ್ಥಿತಿ ತಿಳಿಯಲು. ಅರಿವಳಿಕೆ ಹತ್ತಿದ ಮೇಲೆ ಶ್ವಾಸನಾಳಕ್ಕೆ ಕೊಳವೆ. ಇದಿಲ್ಲದಿದ್ದರೆ ಹೊರೆ ತೆಗೆಯುವ ಸ್ಕೇಲರಿನ ನೀರು, ಕೊಳೆ ಪುಪ್ಪುಸಕ್ಕೆ ಇಳಿದೀತು. ಮೈ ತಣ್ಣಗಾಗದಂತೆ ಬಿಸಿ ಹೊದಿಕೆ. ಅಲ್ಟ್ರಾಸೋನಿಕ್ ಸ್ಕೇಲರು ಒಂದೇ ಹಲ್ಲಿನ ಮೇಲೆ ಬಹಳ ಹೊತ್ತು ನಿಲ್ಲಬಾರದು, ಹಲ್ಲು ಕಾಯುತ್ತದೆ. ನುರಿತ ಕೈ ಮುಟ್ಟಿ ಸರಿಯುತ್ತ, ಮುಟ್ಟಿ ಸರಿಯುತ್ತ ಹೋಗುತ್ತದೆ. ಆಮೇಲೆ ಸಣ್ಣ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ವಸಡಿನ ಆಳ ಅಳೆಯುತ್ತಾರೆ. ಬೆಕ್ಕಿನಲ್ಲಿ ಅದು 1 ಮಿಲಿಮೀಟರ್ ದಾಟಿದರೆ ಅನುಮಾನಿಸಬೇಕು. ಕೊನೆಗೆ ಪಾಲಿಶ್. ಇದನ್ನು ಬಿಟ್ಟರೆ ಸ್ಕೇಲರ್ ಬಿಟ್ಟುಹೋದ ಗೀರುಗಳಲ್ಲೇ ಹೊಸ ಪಾಚಿ ಬೇರೂರುತ್ತದೆ.

ಇನ್ನೊಂದು ಸಂಗತಿ ತಿಳಿದವರು ಕಡಿಮೆ. ಸ್ಪ್ರಿಂಗಿನ ಸಾಧನ ಸಿಕ್ಕಿಸಿ ಬಾಯಿ ಪೂರ್ತಿ ಅಗಲಿಸಿ ಇಟ್ಟರೆ ಮೆದುಳಿಗೆ, ಕಣ್ಣಿಗೆ ರಕ್ತ ಒಯ್ಯುವ ನಾಳ ಒತ್ತಿಕೊಳ್ಳುತ್ತದೆ. ಹೀಗೆ ಎಚ್ಚರವಾದಾಗ ಕುರುಡಾಗಿದ್ದ ಬೆಕ್ಕುಗಳಿವೆ. ಈ ಸಾಧನ ಬಳಸುತ್ತೀರಾ ಎಂದು ಡಾಕ್ಟರರನ್ನು ಮೊದಲೇ ವಿನಯದಿಂದ ಕೇಳಿಬಿಡಿ. ಹಲ್ಲಿನ ಎಕ್ಸ್-ರೇ ಇದೆಯೇ ಎಂದೂ ಕೇಳಿ. ಬೆಕ್ಕುಗಳಿಗೆ ಹಲ್ಲು ತಾನೇ ಕರಗಿಹೋಗುವ ಒಂದು ರೋಗವಿದೆ. ಮೇಲೆ ವಸಡಿನ ಬಳಿ ಗುಲಾಬಿ ಚುಕ್ಕೆಯಷ್ಟೇ ಕಂಡು, ಬುಡದಲ್ಲಿ ಬೇರೇ ಇಲ್ಲವಾಗಿರಬಹುದು. ಬಹಳ ನೋಯುತ್ತದೆ. ಬೆಕ್ಕು ಮಾತ್ರ ಊಟ ಬಿಡದೆ ಒಂದೇ ಬದಿಯಲ್ಲಿ ಅಗಿಯುತ್ತ ನೋವು ಮುಚ್ಚಿಡುತ್ತದೆ. ಅಂಥ ಹಲ್ಲನ್ನು ಕೀಳಿಸುವುದೇ ಲೇಸು. ಹಲ್ಲಿಲ್ಲದ ಬೆಕ್ಕೂ ಚೆನ್ನಾಗಿ ಉಣ್ಣುತ್ತದೆ.

ತಪಾಸಣೆಗೆ ಊರಿನ ಪಶು ಆಸ್ಪತ್ರೆ ಸಾಕು. ಎಕ್ಸ್-ರೇ ಸಹಿತ ಪೂರ್ತಿ ಕೆಲಸಕ್ಕೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ, ಮಾಜಾಳಿ ದಾಟಿ ಗೋವೆಗೋ ಹೋಗಬೇಕಾದೀತು. ಹೊರಡುವ ಮುಂಚೆ ಎಷ್ಟು ಹೊತ್ತು ಉಪವಾಸ ಇಡಬೇಕೆಂದು ಫೋನಿನಲ್ಲಿ ಕೇಳಿಕೊಳ್ಳಿ. ಮರಳಿ ಬಂದು ವಸಡು ಮಾಯ್ದ ಮೇಲೆ ಬೆಕ್ಕಿನದೇ ಪೇಸ್ಟಿನಿಂದ ದಿನಾ ಉಜ್ಜಿ. ನಮ್ಮ ಪೇಸ್ಟ್ ಬೇಡ, ಬೆಕ್ಕಿಗೆ ಉಗುಳಲು ಬರುವುದಿಲ್ಲ, ನುಂಗುತ್ತದೆ.