‘ವಂಶವೃಕ್ಷ’ದ ಮೂವರು ತಾಯಂದಿರು: ಗರ್ಭದ ಅಪಾಯ ಮತ್ತು ನಿರ್ಧಾರದ ಹಕ್ಕು

ಎಸ್. ಎಲ್. ಭೈರಪ್ಪನವರ (1931–2025) ‘ವಂಶವೃಕ್ಷ’ವು 1965ರಲ್ಲಿ ಪ್ರಕಟವಾದಂದಿನಿಂದ ಅದನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಸಂಪ್ರದಾಯ, ಆಧುನಿಕತೆ ಎಂಬ ಎರಡು ಪದಗಳ ಸುತ್ತಲೇ ತಿರುಗಿದೆ. ವಿಧವೆಯ ಪುನರ್ವಿವಾಹವು ಧರ್ಮವೋ ಅಧರ್ಮವೋ ಎಂಬುದನ್ನು ವಿಚಾರಮಾಡಿದವರು, ಆ ಕಥೆಯ ಮುಖ್ಯವಾದ ತಿರುವುಗಳು ಗರ್ಭ, ಹೆರಿಗೆ, ಗರ್ಭಸ್ರಾವಗಳನ್ನು ಆಶ್ರಯಿಸಿ ನಿಂತಿವೆಯೆಂಬ ಸಂಗತಿಗೆ ತಕ್ಕಷ್ಟು ಗಮನ ಕೊಟ್ಟಂತೆ ನಮಗೆ ತೋರುವುದಿಲ್ಲ. ಇತಿಹಾಸದ ಅಧ್ಯಾಪಕರಾದ ನಾವು ಸಾಹಿತ್ಯವಿಮರ್ಶೆಗೆ ಕೈಹಾಕುವುದಕ್ಕೆ ಇದೇ ನಮ್ಮ ಸಮರ್ಥನೆ. ಮೇಲಾಗಿ ಲೇಖಕರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿನಿಯರು ಅವರ ಕಾದಂಬರಿಗಳನ್ನು ತಮ್ಮ ಮನೆಯ ಕಥೆಯೆಂಬಂತೆ ಓದುತ್ತಾರೆ. ಹಾಗೆ ಓದುವಾಗ ಅವರು ಏನನ್ನು ನಂಬುತ್ತಾರೆ ಎಂಬುದು ಉಪೇಕ್ಷಿಸತಕ್ಕ ವಿಷಯವಲ್ಲ.

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಪತ್ನಿ ಭಾಗೀರತಮ್ಮನಿಗೆ ಒಬ್ಬ ಮಗ ಹುಟ್ಟಿದ ಮೇಲೆ, ಇನ್ನೊಮ್ಮೆ ಗರ್ಭ ನಿಂತರೆ ಪ್ರಾಣಕ್ಕೆ ಅಪಾಯವೆಂದು ವೈದ್ಯರು ತಿಳಿಸುತ್ತಾರೆ. ಶ್ರೋತ್ರಿಯರು ಬ್ರಹ್ಮಚರ್ಯವನ್ನು ಕೈಕೊಳ್ಳುತ್ತಾರೆ. ಪತ್ನಿಯೇ ಮನೆಯ ಆಳಾದ ಲಕ್ಷ್ಮಿಯನ್ನು ಅವರಿಗೆ ಸೂಚಿಸುತ್ತಾಳೆ. ಅವರು ಚಂಚಲರಾಗಿ, ಕೊನೆಗೆ ತಮ್ಮನ್ನು ಗೆದ್ದುಕೊಳ್ಳುತ್ತಾರೆ. ವಿಮರ್ಶಕರು ಇಲ್ಲಿ ಇಂದ್ರಿಯನಿಗ್ರಹವನ್ನು ಕಂಡು ಮೆಚ್ಚಿದ್ದಾರೆ, ಮೆಚ್ಚತಕ್ಕದ್ದೇ. ಆದರೆ ಸಾವಿನ ಭಯವನ್ನು ಹೊತ್ತವಳು ಭಾಗೀರತಮ್ಮ, ಪರೀಕ್ಷೆ ನಡೆದದ್ದು ಶ್ರೋತ್ರಿಯರದು. ಲಕ್ಷ್ಮಿಗೂ ಒಂದು ಗರ್ಭಾಶಯವುಂಟು, ಅವಳಿಗೂ ಹೆರಿಗೆಯಲ್ಲಿ ಅಪಾಯವುಂಟು ಎಂಬುದನ್ನು ಆ ಮನೆಯಲ್ಲಿ ಯಾರೂ ಎಣಿಸಿದಂತೆ ಕಾಣುವುದಿಲ್ಲ.

ಶ್ರೋತ್ರಿಯರಿಗೆ ಬೇರೆ ಮಾರ್ಗವಿತ್ತೇ ಎಂದು ಕೇಳಿದರೆ ಇತಿಹಾಸವು ಕುತೂಹಲಕರವಾದ ಉತ್ತರವನ್ನು ಕೊಡುತ್ತದೆ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನವು ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆಮಾಡಿತು. ಭಾಗೀರತಮ್ಮನ ಹೆರಿಗೆ ಅದಕ್ಕೆ ಹಿಂದಿನದೆಂದೇ ತೋರುತ್ತದೆ. ಅಷ್ಟೇ ಅಲ್ಲದೆ, 1952ರಲ್ಲಿ ಸ್ವತಂತ್ರ ಭಾರತದ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಪ್ರಯೋಗಕ್ಕೆ ತಂದದ್ದು ತಿಂಗಳ ಕೆಲವು ದಿನ ಸಂಯಮದಿಂದಿರುವ ಕ್ರಮವನ್ನೇ. ದಿನಗಳನ್ನು ಎಣಿಸಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟಿದ್ದರು! ಆದುದರಿಂದ ಶ್ರೋತ್ರಿಯರ ನಿಗ್ರಹವನ್ನು ಕೇವಲ ವೈದಿಕರ ಹಟವೆಂದು ತಳ್ಳಿಹಾಕುವುದು ಅವಿಚಾರ. ಅಂದಿನ ಆರೋಗ್ಯನೀತಿಯೂ ಅದೇ ಸಂಯಮವನ್ನು ನೆಚ್ಚಿತ್ತು.

ಕಾತ್ಯಾಯನಿಯ ಪ್ರಕರಣವು ಇದಕ್ಕಿಂತ ಜಟಿಲವಾದುದು. ಶ್ರೋತ್ರಿಯರ ವಿಧವೆ ಸೊಸೆಯಾದ ಅವಳು ಮಗನನ್ನು ಆ ಮನೆಯಲ್ಲಿಯೇ ಬಿಟ್ಟು ಮೈಸೂರಿನಲ್ಲಿ ರಾಜನನ್ನು ಮದುವೆಯಾಗುತ್ತಾಳೆ. ಮೂರು ಬಾರಿ ಗರ್ಭಸ್ರಾವವಾಗುತ್ತದೆ. ಕ್ರಮೇಣ ಕ್ಷೀಣಿಸಿ ಸಾಯುತ್ತಾಳೆ. ವೈದ್ಯರ ಮಾತಿಗಿಂತ ಪಾಪಪ್ರಜ್ಞೆಯೇ ಅವಳ ಮನಸ್ಸನ್ನು ಆಳುತ್ತದೆ. ಇದು ಪಾತ್ರದ ಮನೋಧರ್ಮ, ಲೇಖಕರ ತೀರ್ಪಲ್ಲ ಎಂದು ಸಮರ್ಥಿಸುವವರಿದ್ದಾರೆ. ಅರ್ಧ ಒಪ್ಪುತ್ತೇವೆ. ತಪ್ಪಿತಸ್ಥಳೆಂಬ ಭಾವನೆ ಕಾತ್ಯಾಯನಿಯದು. ಆದರೆ ಗರ್ಭಸ್ರಾವ ಒಂದಲ್ಲ, ಎರಡಲ್ಲ, ಮೂರಾಗಬೇಕೆಂದು ಗೊತ್ತುಮಾಡಿದವರು ಲೇಖಕರು. ಘಟನೆಗಳ ಜೋಡಣೆಯೇ ಒಂದು ವಾದ ಎಂಬುದು ಇತಿಹಾಸ ಬರೆಯುವ ಯಾರಿಗೂ ತಿಳಿದ ವಿಷಯ.

ಮತ್ತೆ ಮತ್ತೆ ಗರ್ಭ ನಿಲ್ಲದಿರುವುದಕ್ಕೆ ಕಾರಣಗಳು ಹಲವು: ವರ್ಣತಂತುಗಳ ದೋಷ, ಗರ್ಭಾಶಯದ ರಚನೆ, ಥೈರಾಯ್ಡ್, ಮಧುಮೇಹ, ರಕ್ತ ಹೆಪ್ಪುಗಟ್ಟುವ ದೋಷ. ಕಾರಣ ಪತ್ತೆಯಾಗದೆ ಉಳಿಯುವುದೂ ಉಂಟು. ಪುನರ್ವಿವಾಹವು ಯಾವ ಪಟ್ಟಿಯಲ್ಲಿಯೂ ಇಲ್ಲ. ಇವುಗಳಲ್ಲಿ ಒಂದಾದ ಗರ್ಭಕಂಠದ ದೌರ್ಬಲ್ಯಕ್ಕೆ ಮುಂಬಯಿಯ ಡಾ. ವಿ. ಎನ್. ಶಿರೋಡ್ಕರರು ಹೊಲಿಗೆಯ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದ್ದು 1955ರಲ್ಲಿ, ಅಂದರೆ ಕಾದಂಬರಿಗೆ ಹತ್ತು ವರ್ಷ ಮುಂಚೆ. ಇಂದಿಗೂ ಆ ಹೊಲಿಗೆಗೆ ಅವರ ಹೆಸರೇ ಇದೆ. ಕಥೆಯೊಳಗಿನ ಕಾಲ ಇನ್ನೂ ಹಿಂದಿನದು. ಕಾತ್ಯಾಯನಿಗೆ ಅದು ದೊರೆಯಬೇಕಿತ್ತೆಂದು ನಾವು ವಾದಿಸುವುದಿಲ್ಲ. ಆದರೆ 1965ರ ಓದುಗನ ಎದುರಿಗೆ ಕರ್ಮವಲ್ಲದ ವಿವರಣೆಯೂ ಇತ್ತು.

ಇಷ್ಟಾಗಿಯೂ ಕಾದಂಬರಿಯ ಕೊನೆಯು ಈ ಕರ್ಮಸಿದ್ಧಾಂತವನ್ನು ತಾನೇ ಬುಡಮೇಲು ಮಾಡುತ್ತದೆ. ತಾನು ಶ್ರೋತ್ರಿಯ ವಂಶದ ರಕ್ತದವನಲ್ಲ, ಆಸ್ತಿಯು ದಾಯಾದಿಗೆ ಹೋಗಬಾರದೆಂದು ಪರಪುರುಷನಿಂದ ತನ್ನನ್ನು ಪಡೆಯಲಾಯಿತು ಎಂದು ವೃದ್ಧ ಶ್ರೋತ್ರಿಯರಿಗೆ ತಿಳಿಯುತ್ತದೆ. ಶ್ರೋತ್ರಿಯರ ಆಘಾತವನ್ನು ಎಲ್ಲರೂ ಬಣ್ಣಿಸಿದ್ದಾರೆ. ಆ ಗರ್ಭವನ್ನು ಹೊತ್ತ ತಾಯಿಯ ಕುರಿತು ಬರೆದವರು ವಿರಳ. ಶುದ್ಧವಂಶವೆಂಬುದೇ ಇಲ್ಲದಿದ್ದ ಮೇಲೆ, ಅದಕ್ಕೆ ದ್ರೋಹ ಬಗೆದೆನೆಂದು ಕಾತ್ಯಾಯನಿ ಸತ್ತದ್ದು ಯಾವ ನ್ಯಾಯ? ಭೈರಪ್ಪನವರ ಶಕ್ತಿಯಿರುವುದು ಈ ಪ್ರಶ್ನೆಯನ್ನು ಎಬ್ಬಿಸುವುದರಲ್ಲಿ. ಮೂವರು ತಾಯಂದಿರಲ್ಲಿ ಒಬ್ಬಳನ್ನಾದರೂ ಅದನ್ನು ಕೇಳುವವಳನ್ನಾಗಿ ಮಾಡದಿರುವುದು ಕೃತಿಯ ಮಿತಿ.

ಈ ಮಿತಿ ಕಾಲದ ಮಿತಿಯೆಂದು ಹೇಳುವಂತಿಲ್ಲ. ತ್ರಿವೇಣಿಯವರ ‘ಶರಪಂಜರ’ದಲ್ಲಿ ಹೆರಿಗೆಯ ನಂತರ ಕಾವೇರಿಯ ಚಿತ್ತ ಕೆಡುತ್ತದೆ. ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿದ್ದ ಲೇಖಕಿ ಅದನ್ನು ರೋಗವೆಂದೇ ಕಾಣುತ್ತಾರೆ. ಅವಳು ಗುಣಮುಖಳಾಗಿ ಮನೆಗೆ ಬರುತ್ತಾಳೆ. ಮನೆಯವರು ಅವಳನ್ನು ಒಳಗೆ ಸೇರಿಸಿಕೊಂಡರೂ ನಂಬುವುದಿಲ್ಲ. ಅಪರಾಧ ರೋಗಿಯದಲ್ಲ, ನೋಡುವವರದು ಎಂಬುದು ಅಲ್ಲಿ ಸ್ಪಷ್ಟ. ತ್ರಿವೇಣಿಯವರು ಮೈಸೂರಿನಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಆ ಸಾವನ್ನು ಯಾವ ಪಾಪದ ಫಲವೆಂದೂ ಯಾವ ವಿಮರ್ಶಕರೂ ಬರೆದುದನ್ನು ನಾವು ಕಂಡಿಲ್ಲ. ಕಾತ್ಯಾಯನಿಯ ಮೂರು ಗರ್ಭಗಳ ವಿಷಯದಲ್ಲಿ ಮಾತ್ರ ಆ ಸಂಯಮ ತಪ್ಪಿದ್ದೇಕೆ ಎಂಬುದನ್ನು ವಿದ್ಯಾರ್ಥಿಗಳು ಎರಡು ಕಾದಂಬರಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಮಾಡಬಹುದು.